ಪೊರೆಯೊಡನೆ ಗ್ಲಾಕೋಮಾ: ಶಸ್ತ್ರಚಿಕಿತ್ಸೆಯ ನಂತರದ ದೃಷ್ಟಿ

ಮಳವಳ್ಳಿ ಸೀಮೆಯ ಹಿರಿಯರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಹೊಸದೇನಲ್ಲ. ಡಾ. ಎಂ. ಸಿ. ಮೋದಿ (1916–2005) ಅವರು ಊರೂರಿಗೆ ತೆರಳಿ ನಡೆಸಿದ ಉಚಿತ ನೇತ್ರ ಶಿಬಿರಗಳು ಕನ್ನಡ ನಾಡಿನ ಅಸಂಖ್ಯ ಬಡವರಿಗೆ ಬೆಳಕು ನೀಡಿದವು. ಆದರೆ ಪೊರೆಯೊಡನೆ ಗ್ಲಾಕೋಮಾ ರೋಗವೂ ಇದ್ದು, ಎರಡಕ್ಕೂ ಒಮ್ಮೆಗೇ ಶಸ್ತ್ರಚಿಕಿತ್ಸೆ ನಡೆದಾಗ ಅದರ ಫಲವನ್ನು ಬೇರೆ ಬಗೆಯಲ್ಲಿ ಅಳೆಯಬೇಕಾಗುತ್ತದೆ.

ಕಣ್ಣಿನ ಮಸೂರವು ಮಸುಕಾಗುವುದೇ ಪೊರೆ. ಅದನ್ನು ತೆಗೆದು ಕೃತಕ ಮಸೂರವನ್ನು ಇರಿಸಿದರೆ ಬೆಳಕಿನ ದಾರಿ ತೆರವಾಗುತ್ತದೆ. ಗ್ಲಾಕೋಮಾ ಹಾಗಲ್ಲ. ಬಹುತೇಕ ಕಣ್ಣೊಳಗಿನ ಒತ್ತಡ ಹೆಚ್ಚಿ ದೃಷ್ಟಿನರವು ನೋವಿಲ್ಲದೆಯೇ ಸವೆಯುತ್ತದೆ. ವೈದ್ಯರು ಕಣ್ಣಿನ ದ್ರವಕ್ಕೆ ಹೊಸ ಹೊರದಾರಿ ಮಾಡಿ ಒತ್ತಡವನ್ನು ತಗ್ಗಿಸುತ್ತಾರೆ. ನಶಿಸಿದ ನರವನ್ನು ಮರಳಿಸಲಾರರು. ಆದುದರಿಂದ ಪೊರೆ ಕಸಿದ ದೃಷ್ಟಿ ಮರಳೀತು. ಗ್ಲಾಕೋಮಾ ಕಸಿದದ್ದು ಮರಳದು. ಉಳಿದಿರುವ ದೃಷ್ಟಿಯನ್ನು ಕಾಪಾಡುವುದೇ ಈ ಚಿಕಿತ್ಸೆಯ ದೊಡ್ಡ ಫಲ.

ಮೊದಲ ಕೆಲವು ವಾರ ನೋಟ ಮಸುಕಾಗಿರಬಹುದು, ದಿನದಿಂದ ದಿನಕ್ಕೆ ಬದಲಾಗಲೂಬಹುದು. ಇದರಿಂದ ಧೃತಿಗೆಡಬೇಕಾಗಿಲ್ಲ. ಸಾಮಾನ್ಯವಾಗಿ 6ರಿಂದ 8 ವಾರಗಳ ನಂತರ, ಕಣ್ಣು ಸ್ಥಿರಗೊಂಡ ಮೇಲೆ ಕನ್ನಡಕ ನೀಡುತ್ತಾರೆ. ಅಲ್ಲಿಯವರೆಗೆ ವೈದ್ಯರು ಕರೆದ ದಿನಗಳಂದು ತಪ್ಪದೆ ತೋರಿಸಿಕೊಳ್ಳಬೇಕು.

ಈ ಅವಧಿಯಲ್ಲಿ ಕಣ್ಣುಜ್ಜುವುದು, ಭಾರ ಎತ್ತುವುದು, ತಲೆ ಬಗ್ಗಿಸಿ ದುಡಿಯುವುದು ಸಲ್ಲದು. ಸಾಷ್ಟಾಂಗ ನಮಸ್ಕಾರಕ್ಕೆ ಬದಲಾಗಿ ಕುಳಿತೇ ಕೈಮುಗಿದರೆ ಸಾಕು. ವಿಭೂತಿ ಧರಿಸುವಾಗ ಪುಡಿ ಕಣ್ಣಿಗೆ ಬೀಳದಿರಲಿ. ಆಲೆಮನೆಯ ಹೊಗೆ, ಕಬ್ಬಿನ ಗದ್ದೆಯ ಧೂಳುಗಳಿಂದಲೂ ದೂರವಿರಬೇಕು. ಕೈ ತೊಳೆದುಕೊಂಡೇ ಔಷಧಿಯ ಹನಿ ಹಾಕಬೇಕು. ಹನಿಗಳನ್ನು ತಾವಾಗಿ ನಿಲ್ಲಿಸುವುದೂ ಮುಂದುವರಿಸುವುದೂ ಅಪಾಯಕರ. ಸ್ಟೀರಾಯ್ಡ್ ಹನಿಯೇ ಕೆಲವರಲ್ಲಿ ಒತ್ತಡವನ್ನು ಹೆಚ್ಚಿಸಬಲ್ಲದು.

ಕಣ್ಣು ಕೆಂಪಾಗಿ ನೋಯುವುದು, ಕೀವು ಬರುವುದು, ನೋಟ ಹಠಾತ್ತನೆ ಕುಂದುವುದು, ಇವುಗಳಲ್ಲಿ ಯಾವುದು ಕಂಡರೂ ಅಂದೇ ನೇತ್ರತಜ್ಞರ ಬಳಿಗೆ ಹೋಗಬೇಕು. ಮಾಡಿದ ಹೊರದಾರಿಗೆ ಸೋಂಕು ವರ್ಷಗಳ ನಂತರವೂ ತಗುಲಬಹುದು. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗಳು ನಮ್ಮ ಭಾಗದವರಿಗೆ ದೊರೆಯುವ ಸರ್ಕಾರಿ ಆಸರೆಗಳು.

ಗ್ಲಾಕೋಮಾ ವಂಶದಲ್ಲಿ ಹರಿದುಬರುವ ಸಂಭವವುಂಟು. ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವ ಮಕ್ಕಳೂ ಒಡಹುಟ್ಟಿದವರೂ ಅಂದೇ ತಮ್ಮ ಕಣ್ಣಿನ ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸಿಕೊಳ್ಳುವುದು ಒಳಿತು. ತಂದೆಯ ಕಣ್ಣಿಗೆ ಮರಳಿಸಲಾಗದ್ದನ್ನು ಮಗನ ಕಣ್ಣಿನಲ್ಲಿ ಮೊದಲೇ ಉಳಿಸಿಕೊಳ್ಳಬಹುದು.