ಜರ್ನಲ್‌ಗೆ ಕಳಿಸುವ ಮೊದಲು

ಪ್ರಬಂಧ ಬರೆದಾಯಿತು ಎಂದು ವಿದ್ಯಾರ್ಥಿಗಳು ಬಂದರೆ ನಾನು ಮೊದಲು ಕೇಳುವುದು ಟೆಂಪ್ಲೇಟ್ ಬಗ್ಗೆ. 1947ರಲ್ಲಿ ಹುಟ್ಟಿದ, ಕಂಪ್ಯೂಟರ್ ವಿಜ್ಞಾನದವರ ಎಸಿಎಂ ಸಂಸ್ಥೆ ತನ್ನ ಜರ್ನಲ್‌ಗಳಿಗೆ ಬರೆಯುವವರಿಗೆ ಸಿದ್ಧ ಲೇಟೆಕ್ ಟೆಂಪ್ಲೇಟನ್ನೇ ಕೊಡುತ್ತದೆ. ಅಕ್ಷರದ ಗಾತ್ರ, ಅಂಚು ಎಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ. ಪುಟ ಉಳಿಸಲೆಂದು ಅಂಚು ಕಿರಿದು ಮಾಡಲು ಹೋಗಬಾರದು.

ಹೊತ್ತು ಹಿಡಿಯುವುದು ಹೆಸರು ಮರೆಮಾಡುವ ಕೆಲಸ. ಲೇಖಕರು ಯಾರೆಂದು ವಿಮರ್ಶಕರಿಗೆ ತಿಳಿಯಬಾರದೆಂಬ ನಿಯಮ ಕೆಲವು ಜರ್ನಲ್‌ಗಳಲ್ಲಿದೆ. ಅಲ್ಲಿ ಮೊದಲ ಪುಟದ ಹೆಸರು ತೆಗೆದರೆ ಸಾಲದು. ಕೃತಜ್ಞತೆಯ ಸಾಲು, ಗಿಟ್‌ಹಬ್ ಲಿಂಕ್, ‘ನಮ್ಮ ಹಿಂದಿನ ಪ್ರಬಂಧದಲ್ಲಿ ತೋರಿಸಿದಂತೆ’ ಎಂಬ ಮಾತು, ಪಿಡಿಎಫ್ ಕಡತದೊಳಗೆ ಕೂತ ಹೆಸರು, ಎಲ್ಲವೂ ಗುಟ್ಟು ಬಿಟ್ಟುಕೊಡುತ್ತವೆ. ಮೊನ್ನೆ ಒಬ್ಬ ಹುಡುಗಿಯ ಪ್ರಬಂಧದ ನಾಲ್ಕನೇ ಚಿತ್ರ ದೊಡ್ಡದು ಮಾಡಿ ನೋಡಿದೆ. ಸ್ಕ್ರೀನ್‌ಶಾಟ್‌ನ ಮೂಲೆಯಲ್ಲಿ ಅವಳ ಲಾಗಿನ್ ಹೆಸರು, ಕಾಲೇಜಿನ ಸರ್ವರ್ ಹೆಸರು ಎರಡೂ ಇದ್ದವು!

ಗ್ರಾಫ್‌ಗಳನ್ನು ಕಪ್ಪು-ಬಿಳುಪಿನಲ್ಲಿ ಒಮ್ಮೆ ಪ್ರಿಂಟ್ ತೆಗೆದು ನೋಡಿ. ಕೆಂಪು, ಹಸಿರು ಗೆರೆಗಳು ಒಂದೇ ಬೂದು ಬಣ್ಣವಾದರೆ ಚುಕ್ಕೆಗೆರೆ ಬಳಸಿ. ಬಣ್ಣ ಗುರುತಿಸಲಾಗದ ಓದುಗರಿಗೂ ಅದು ಅನುಕೂಲ.

ಸಮ್ಮೇಳನದಲ್ಲಿ ಬಂದ ಪ್ರಬಂಧವನ್ನೇ ಬೆಳೆಸಿ ಕಳಿಸುವುದಾದರೆ, ಯಾವ ಪ್ರಮೇಯ ಹೊಸದು, ಯಾವ ಪ್ರಯೋಗ ಹೊಸದು ಎಂದು ಸಂಪಾದಕರಿಗೆ ಬರೆಯುವ ಪತ್ರದಲ್ಲೇ ಬಿಡಿಸಿ ಹೇಳಬೇಕು. ಆ ಪತ್ರವನ್ನು ನನಗೆ ತೋರಿಸದೆ ಕಳಿಸಲು ನಾನು ಬಿಡುವುದಿಲ್ಲ.