ಪಿಡುಗಿನ ಕಾಲದಲ್ಲಿ ಯಾರ ಮಾತನ್ನು ನಂಬಬೇಕು?



ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಸೇರುವುದು ನಿಮಗೆಲ್ಲ ತಿಳಿದದ್ದೇ. ಹೊಸ ಬೆಳೆಯನ್ನು ದೊಡ್ಡ ಬಸವಣ್ಣನಿಗೆ ಅರ್ಪಿಸಿ, ಬೀದಿಯ ಎರಡು ಮಗ್ಗುಲಿಗೂ ರಾಶಿ ಹಾಕಿ ಮಾರುವುದು ಹಳೆಯ ವಾಡಿಕೆ. 2020ರಲ್ಲಿ ಕೋವಿಡ್ ಪಿಡುಗಿನಿಂದಾಗಿ ಆ ಪರಿಷೆ ಎಂದಿನಂತೆ ಸೇರಲಿಲ್ಲ. ಅದೇ ವರ್ಷ ಏಪ್ರಿಲ್ 12ರಂದು ಈಸ್ಟರ್ ಹಬ್ಬ ಬಂದಾಗ ಅದೇ ನಗರದ ಚರ್ಚುಗಳ ಬಾಗಿಲೂ ಜನರಿಗೆ ಮುಚ್ಚಿತ್ತು. ಕ್ರೈಸ್ತರು ತಮ್ಮ ದೊಡ್ಡ ಹಬ್ಬದ ಪ್ರಾರ್ಥನೆಯನ್ನು ಮನೆಯಲ್ಲಿಯೇ ಮಾಡಿಕೊಂಡರು.

ದೇವರ ಮನೆಗೆ ಬರಬೇಡಿ ಎಂಬ ಮಾತು ಕೇಳುವುದಕ್ಕೆ ಕಷ್ಟ, ಹೇಳುವುದಕ್ಕೆ ಇನ್ನೂ ಕಷ್ಟ. ಚರ್ಚಿನ ಪಾದ್ರಿಗಳು ವೈದ್ಯರಲ್ಲ. ಆದರೂ ಸಭೆಯ ಜನ ಮೊದಲು ಕೇಳುವುದು ಅವರನ್ನೇ. ಆ ದಿನಗಳಲ್ಲಿ ಕೈಯಲ್ಲಿದ್ದ ಫೋನಿಗೆ ದಿನಕ್ಕೆ ಹತ್ತಾರು ಸಂದೇಶಗಳು ಬರುತ್ತಿದ್ದವು. ಒಂದು ಕಷಾಯ ಕುಡಿಯಿರಿ ಎನ್ನುವುದು, ಇನ್ನೊಂದು ರೋಗವೇ ಸುಳ್ಳು ಎನ್ನುವುದು, ಮತ್ತೊಂದು ಭಕ್ತರಿಗೆ ಈ ರೋಗ ತಗಲದು ಎನ್ನುವುದು. ಇವುಗಳಲ್ಲಿ ಯಾವುದನ್ನು ಸಭೆಗೆ ಓದಿ ಹೇಳಬೇಕು, ಯಾವುದನ್ನು ಬಿಡಬೇಕು? ತಪ್ಪಿದರೆ ಹೋಗುವುದು ಜನರ ಪ್ರಾಣ. ಈ ಪ್ರಶ್ನೆ ಚರ್ಚಿಗೆ ಮಾತ್ರ ಸೇರಿದ್ದಲ್ಲ. ನಮ್ಮ ದೇವಸ್ಥಾನ, ಮಸೀದಿ, ಸಂಘ, ಪಂಚಾಯಿತಿಗಳಿಗೂ ಸೇರಿದ್ದು.

ತಿಳಿದವರು ಅನುಸರಿಸುವ ದಾರಿ ಬಹು ಸರಳವಾದುದು. ದೇವರ ವಿಚಾರಕ್ಕೆ ಪಾದ್ರಿ, ರೋಗದ ವಿಚಾರಕ್ಕೆ ರೋಗವನ್ನು ಅಭ್ಯಾಸ ಮಾಡಿದವರು ಎಂದು ಎರಡನ್ನೂ ಬೇರೆ ಮಾಡುವುದೇ ಆ ದಾರಿ. ಇದು ಭಕ್ತಿಗೆ ವಿರೋಧವಲ್ಲ. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗಿಗೆ ಪ್ಲೇಗು ಬಂದಾಗ, ಧರ್ಮಗುರು ಮಾರ್ಟಿನ್ ಲೂಥರ್ ತಾವು ಊರಿನಲ್ಲಿಯೇ ನಿಂತು ರೋಗಿಗಳನ್ನು ನೋಡಿಕೊಂಡರು. ಆದರೆ ಔಷಧಿ ತೆಗೆದುಕೊಳ್ಳಬೇಕು, ಅಗತ್ಯವಿಲ್ಲದ ಕಡೆ ಹೋಗಿ ರೋಗ ಹರಡಬಾರದು ಎಂದೇ ಬರೆದರು. ಬೆಂಗಳೂರಿನಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರು 1963ರಲ್ಲಿ ಸ್ಥಾಪಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಇದೆ. ಎಷ್ಟೋ ಸಭೆಗಳಲ್ಲಿ ದಾದಿಯರೂ ವೈದ್ಯರೂ ಇದ್ದಾರೆ. ಕೇಳುವ ಮನಸ್ಸಿದ್ದರೆ ಹೇಳುವವರು ಹತ್ತಿರದಲ್ಲಿಯೇ ಉಂಟು.

ಹೇಳುವವರನ್ನು ಪರೀಕ್ಷಿಸುವುದು ಹೇಗೆ? ಕಡಲೆಕಾಯಿ ಗಿಡಕ್ಕೆ ಎಲೆಚುಕ್ಕೆ ರೋಗ ಬಂದಾಗ ನೀವು ಏನು ಮಾಡುತ್ತೀರೋ ಇಲ್ಲಿಯೂ ಅದನ್ನೇ ಮಾಡತಕ್ಕದ್ದು.

ಮೊದಲನೆಯದಾಗಿ, ಮಾತಿನ ಬೇರು ಎಲ್ಲಿದೆ ಎಂದು ನೋಡಿ. ಯಾರೋ ದೊಡ್ಡ ಡಾಕ್ಟರು ಹೇಳಿದರಂತೆ ಎಂಬುದು ಬೇರಿಲ್ಲದ ಗಿಡ. ಹೆಸರು, ಇಲಾಖೆ, ತಾರೀಖು ಇರುವ ಆದೇಶವನ್ನೇ ಹಿಡಿಯಿರಿ.

ಎರಡನೆಯದಾಗಿ, ಕಾರಣ ಕೇಳಿ. ಪೂಜಾಸ್ಥಳಗಳನ್ನು ಜೂನ್ 8ರಿಂದ ತೆರೆಯುವ ಬಗ್ಗೆ ಕೇಂದ್ರ ಆರೋಗ್ಯ ಮಂತ್ರಾಲಯವು 2020ರ ಜೂನ್ 4ರಂದು ನಿಯಮಗಳನ್ನು ಹೊರಡಿಸಿತು. ಆರು ಅಡಿ ಅಂತರವಿರಬೇಕು, ಪ್ರಸಾದ ಹಂಚಕೂಡದು, ತೀರ್ಥ ಚಿಮುಕಿಸಕೂಡದು, ಗುಂಪಾಗಿ ಹಾಡುವುದಕ್ಕೆ ಬದಲು ಧ್ವನಿಮುದ್ರಿತ ಗೀತೆ ಹಾಕಬೇಕು ಎಂದು ಅದರಲ್ಲಿ ಇತ್ತು. ಹಾಡಿದರೆ ಏನು ತಪ್ಪು ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ ಅಮೆರಿಕದಲ್ಲಿ ನಡೆದ ಒಂದು ಸಂಗತಿಯಲ್ಲಿದೆ. ವಾಷಿಂಗ್ಟನ್ ರಾಜ್ಯದ ಮೌಂಟ್ ವರ್ನನ್ ಎಂಬ ಊರಿನ ಚರ್ಚಿನಲ್ಲಿ 2020ರ ಮಾರ್ಚ್ 10ರಂದು 61 ಮಂದಿ ಹಾಡಿನ ಅಭ್ಯಾಸಕ್ಕೆ ಕೂಡಿದ್ದರು. ಅವರಲ್ಲಿ ಒಬ್ಬರಿಗೆ ನೆಗಡಿಯಂತೆ ಇತ್ತು. ಎರಡೂವರೆ ಗಂಟೆ ಹಾಡಿ ಮನೆಗೆ ಹೋದವರಲ್ಲಿ, ಆ ಒಬ್ಬರನ್ನೂ ಸೇರಿಸಿ, ರೋಗ ತಗಲಿದವರು 53 ಮಂದಿ ಎಂದು ತನಿಖೆಯಲ್ಲಿ ಲೆಕ್ಕವಾಯಿತು. ಇಬ್ಬರು ತೀರಿಕೊಂಡರು. ಗಟ್ಟಿಯಾಗಿ ಹಾಡುವಾಗ ಉಸಿರಿನ ಸಣ್ಣ ಹನಿಗಳು ಗಾಳಿಯಲ್ಲಿ ಹರಡುತ್ತವೆ. ಕಾರಣ ತಿಳಿದ ಮೇಲೆ ನಿಯಮವು ಹೊರೆಯೆನಿಸುವುದಿಲ್ಲ.

ಮೂರನೆಯದಾಗಿ, ಹೇಳುವವನಿಗೆ ಲಾಭವುಂಟೇ ಎಂದು ನೋಡಿ. ಔಷಧಿ ಮಾರುವವನೇ ಔಷಧಿ ಬೇಕೆಂದು ಹೇಳಿದರೆ ಇನ್ನೊಬ್ಬರನ್ನು ಕೇಳುವುದು ಜಾಣತನ. ತಾನು ಹೇಳಿದ್ದನ್ನು ತಾನೇ ಮಾಡುವವನ ಮಾತಿಗೆ ತೂಕ ಹೆಚ್ಚು. ಪ್ಲೇಗಿನ ಲಸಿಕೆಯನ್ನು ಕಂಡುಹಿಡಿದ ಹಾಫ್‌ಕಿನ್ ಅವರು 1897ರ ಜನವರಿ 10ರಂದು ಮುಂಬಯಿಯಲ್ಲಿ ಅದನ್ನು ಮೊದಲು ತಮಗೇ ಚುಚ್ಚಿಸಿಕೊಂಡರು.

ನಾಲ್ಕನೆಯದಾಗಿ, ತಪ್ಪು ತಿದ್ದಿಕೊಳ್ಳುವವರನ್ನು ನಂಬಿ. ಎಲ್ಲರೂ ಮುಖಗವಸು ಹಾಕಬೇಕಾಗಿಲ್ಲ ಎಂದಿದ್ದ ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನಿನಲ್ಲಿ ತನ್ನ ಸಲಹೆಯನ್ನು ಬದಲಿಸಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಾತ್ರೆಯ ಮೇಲೆ ಮೊದಲು ಬಹಳ ಆಸೆಯಿತ್ತು. ಪರೀಕ್ಷಿಸಿ ನೋಡಿದ ಮೇಲೆ, ರೋಗ ಬಾರದಂತೆ ಇದನ್ನು ನುಂಗುವುದು ಬೇಡ ಎಂದು ಅದೇ ಸಂಸ್ಥೆ 2021ರ ಮಾರ್ಚಿನಲ್ಲಿ ತಿಳಿಸಿತು. ದಿನಕ್ಕೊಂದು ಹೇಳುತ್ತಾರೆ ಎಂದು ಜನ ಬೇಸರಪಟ್ಟುಕೊಂಡರು. ಆದರೆ ಮಳೆ ನೋಡಿ ಬಿತ್ತನೆಯ ದಿನ ಬದಲಿಸುವ ರೈತನನ್ನು ನಾವು ಸುಳ್ಳುಗಾರ ಎನ್ನುತ್ತೇವೆಯೇ?

ಬಸವನಗುಡಿಯ ಕಥೆಯೇ ಇದಕ್ಕೆ ಸಾಕ್ಷಿ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಿನ ಗಲ್ಲಿಗಳಿಂದ ಜನ ಹೊರಟರು. ಅದಕ್ಕೆ ಮುಂಚೆಯೇ ಯೋಚಿಸಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ರಸ್ತೆ, ಗಾಳಿಬೆಳಕಿನ ನಿವೇಶನಗಳೊಡನೆ ಬೆಳೆಯತೊಡಗಿದವು. ಆಗ ಅಧಿಕಾರಿಗಳಲ್ಲಿ ಅನೇಕರು ಕೊಳೆಯೇ ರೋಗದ ಮೂಲವೆಂದು ಭಾವಿಸಿ ಮನೆಗಳನ್ನು ಔಷಧಿ ನೀರಿನಿಂದ ತೊಳೆಸುತ್ತಿದ್ದರು. ಹಳ್ಳಿಯ ಜನ ಮಾತ್ರ ಇನ್ನೊಂದನ್ನು ಕಂಡಿದ್ದರು. ಅಟ್ಟದಿಂದ ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಒಯ್ಯುತ್ತದೆ ಎಂಬುದನ್ನು ಫ್ರೆಂಚ್ ವೈದ್ಯ ಸೀಮಾನ್ 1898ರಲ್ಲಿಯೇ ಕರಾಚಿಯಲ್ಲಿ ತೋರಿಸಿದರೂ, ವಿದ್ವಾಂಸರು ಒಪ್ಪುವುದಕ್ಕೆ ವರ್ಷಗಳು ಹಿಡಿದವು. ಹಳ್ಳಿಯವರು ಕಣ್ಣಾರೆ ಕಂಡದ್ದು ಸರಿಯಾಗಿತ್ತು. ಆದುದರಿಂದ ಹಿರಿಯರ ಮಾತೆಂದು ತಳ್ಳುವುದೂ ಬೇಡ, ಹಿರಿಯರ ಮಾತೆಂದೇ ಒಪ್ಪುವುದೂ ಬೇಡ. ಮಾತು ಅನುಭವದಲ್ಲಿ ನಿಂತಿದೆಯೇ, ಪರೀಕ್ಷೆಗೆ ನಿಲ್ಲುತ್ತದೆಯೇ ಎಂಬುದೇ ಮುಖ್ಯ.

ಈಗ ಪಿಡುಗಿಲ್ಲದಿರುವಾಗಲೇ ನಮ್ಮ ಊರುಗಳಲ್ಲಿ ಇಷ್ಟು ಕೆಲಸವಾಗಲಿ. ಪ್ರತಿ ಗುಡಿ, ಚರ್ಚು, ಮಸೀದಿಯ ಹಿರಿಯರೂ ಒಂದು ದಿನ ಕುಳಿತು, ರೋಗ ಬಂದಾಗ ಯಾರನ್ನು ಕೇಳುವುದೆಂದು ಗೊತ್ತುಮಾಡಿಕೊಳ್ಳಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಆಶಾ ಕಾರ್ಯಕರ್ತೆಯನ್ನೂ ಕರೆದು ಪರಿಚಯ ಮಾಡಿಕೊಳ್ಳಲಿ. ಬಂದ ಸುದ್ದಿಯನ್ನು ವಿಚಾರಿಸಿ ತಿಳಿಸುವ ಹೊಣೆಯನ್ನು ಊರಿನ ಇಬ್ಬರು ಓದಿದವರಿಗೆ ಒಪ್ಪಿಸಲಿ. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ವಿಚಾರಿಸದ ಸುದ್ದಿಯನ್ನು ಯಾರೂ ಮುಂದಕ್ಕೆ ಕಳುಹಿಸದಿರಲಿ.

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದರಿಂದ ಫಲವಿಲ್ಲ. ಬೀಜವನ್ನು ಆರಿಸಿ ಇಟ್ಟುಕೊಳ್ಳುವ ನಾವು, ಕಷ್ಟಕಾಲದಲ್ಲಿ ನಂಬತಕ್ಕ ಮಾತನ್ನೂ ಮುಂಚಿತವಾಗಿಯೇ ಆರಿಸಿ ಇಟ್ಟುಕೊಳ್ಳೋಣ.