ನಿಂತಲ್ಲೇ ತೂಗುವ ದೇಹ

ಪಕ್ಕದಲ್ಲಿ ಗೋಡೆ ಇರುವ ಕಡೆ ಪಾದ ಜೋಡಿಸಿ, ಕಣ್ಣು ಮುಚ್ಚಿ ನೆಟ್ಟಗೆ ನಿಂತುಕೊಳ್ಳಿ. ಮೈ ಹಿಂದಕ್ಕೂ ಮುಂದಕ್ಕೂ ಸಣ್ಣಗೆ ತೂಗುವುದು ತಾನೇ ಗೊತ್ತಾಗುತ್ತದೆ. ಕಣ್ಣು ತೆರೆದರೆ ಈ ತೂಗಾಟ ಕಡಿಮೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಅಂಗೈ ಮೇಲೆ ಕೋಲು ನಿಲ್ಲಿಸಿಕೊಂಡ ಹುಡುಗ ಕೈ ಆಡಿಸುತ್ತಲೇ ಇರುವ ಹಾಗೆ, ನಮ್ಮ ಮೀನಖಂಡದ ಸ್ನಾಯುಗಳು ಮೈಯನ್ನು ಬೀಳಗೊಡದೆ ಎಳೆಯುತ್ತ ಬಿಡುತ್ತ ಇರುತ್ತವೆ. ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳು ಕೊಡುವ ಸುದ್ದಿಯ ಮೇಲೆ ಈ ಕೆಲಸ ನಡೆಯುತ್ತದೆ.

ಆಗುಂಬೆ, ಚಾರ್ಮಾಡಿ ಘಾಟಿ ಹತ್ತುವ ಬಸ್ಸುಗಳಲ್ಲಿ ನಿಂಬೆಹಣ್ಣು ಮೂಸುತ್ತ ಕಿಟಕಿ ಪಕ್ಕ ಕೂತವರಿಗೂ ಈ ತೂಗಾಟಕ್ಕೂ ಏನು ಸಂಬಂಧ? ಬಸ್ಸಿನ ವಾಂತಿಗೆ ಪಿತ್ತ ಜಾಸ್ತಿ ಎನ್ನುವುದು ಮನೆಯ ಹಿರಿಯರ ವಿವರಣೆ. 1975ರಲ್ಲಿ ಸಂಶೋಧಕರಾದ ಜೇಮ್ಸ್ ರೀಸನ್ ಮತ್ತು ಬ್ರಾಂಡ್ ಪುಸ್ತಕವಾಗಿ ಮಂಡಿಸಿದ ವಿವರಣೆ ಇಂದಿಗೂ ಪಠ್ಯಗಳಲ್ಲಿದೆ. ಎದುರಿನ ಸೀಟಿನ ಬೆನ್ನನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು ‘ಅಲ್ಲಾಟವಿಲ್ಲ’ ಎನ್ನುತ್ತದೆ, ಒಳಕಿವಿಯ ನಾಳಗಳಲ್ಲಿನ ದ್ರವ ‘ತಿರುಗಿದೆವು’ ಎನ್ನುತ್ತದೆ. ಇಬ್ಬರ ತಕರಾರು ಹೊಟ್ಟೆ ತೊಳಸುವುದರಲ್ಲಿ ಮುಗಿಯುತ್ತದೆ. ಆದರೆ ಒಂದೇ ಸೀಟಿನಲ್ಲಿ ಕೂತ ಇಬ್ಬರಿಗೂ ಇದೇ ತಕರಾರು ಇರುವಾಗ ಒಬ್ಬರಷ್ಟೇ ವಾಂತಿ ಮಾಡಿಕೊಳ್ಳುವುದೇಕೆ?

1991ರಲ್ಲಿ ಗ್ಯಾರಿ ರಿಚಿಯೊ ಮತ್ತು ಥಾಮಸ್ ಸ್ಟಾಫ್ರೆಗನ್ ಅಮೆರಿಕದಲ್ಲಿ ಬೇರೆಯೇ ವಾದ ಮುಂದಿಟ್ಟರು. ಮೈಯ ಹತೋಟಿ ಮೊದಲು ತಪ್ಪುತ್ತದೆ, ವಾಕರಿಕೆ ಆಮೇಲೆ ಬರುತ್ತದೆ ಎಂದರು. ಇದನ್ನು ಪರೀಕ್ಷಿಸಲು ನೆಲ ಹಾಗೇ ಇದ್ದು ಗೋಡೆ ಮಾತ್ರ ಕಂಡೂ ಕಾಣದಷ್ಟು ಹಿಂದೆಮುಂದೆ ಸರಿಯುವ ಕೋಣೆಯಲ್ಲಿ ಆಮೇಲೆ ಜನರನ್ನು ನಿಲ್ಲಿಸಲಾಯಿತು. ಕೊನೆಗೆ ವಾಕರಿಕೆ ಬಂದವರ ತೂಗಾಟ, ವಾಕರಿಕೆ ಬರುವ ಮುಂಚೆಯೇ ಉಳಿದವರಿಗಿಂತ ಬೇರೆಯಾಗಿತ್ತು. 2013ರಲ್ಲಿ ಸ್ಟಾಫ್ರೆಗನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಮೊದಲ ಸಲ ಕಡಲ ಪ್ರಯಾಣಕ್ಕೆ ಹೊರಟವರ ತೂಗಾಟವನ್ನು ಯಾನ ಶುರುವಾಗುವ ಮುಂಚೆಯೇ ಅಳೆದರೆ, ಮುಂದೆ ಹೆಚ್ಚು ಬಳಲಿದವರ ಲಯ ಆಗಲೇ ಬೇರೆ ಇತ್ತು. ಜಾಸ್ತಿ ತೂಗುವವರಿಗೇ ವಾಂತಿ ಎಂದು ಇದನ್ನು ಓದಿಕೊಳ್ಳಬಾರದು. ವ್ಯತ್ಯಾಸವಿದ್ದದ್ದು ತೂಗಾಟ ಕ್ಷಣದಿಂದ ಕ್ಷಣಕ್ಕೆ ಬದಲಾಗುವ ಬಗೆಯಲ್ಲಿ. ಕಣ್ಣಳತೆಗೆ ಅದು ಸಿಗದು.

ಮೈಯ ಹತೋಟಿಯೇ ಸರ್ವಸ್ವ ಎನ್ನಲು ಮಾತ್ರ ನನಗೆ ಧೈರ್ಯವಿಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ, ಗ್ಯಾಲೊಡೆಟ್ ಎಂಬ ಕಿವುಡರ ಕಾಲೇಜಿನಿಂದ 11 ಮಂದಿ ಕಿವುಡ ಗಂಡಸರನ್ನು ಪ್ರಯೋಗಗಳಿಗೆ ಆರಿಸಿಕೊಂಡಿತ್ತು. ಅವರಲ್ಲಿ ಹೆಚ್ಚಿನವರ ಒಳಕಿವಿ ಮಿದುಳುಪೊರೆಯ ಉರಿಯೂತದಿಂದ ಹಾಳಾಗಿತ್ತು. ಕೆನಡಾದ ನೋವಾ ಸ್ಕೋಷಿಯಾ ಬಳಿಯ ಅಬ್ಬರದ ಕಡಲಿನಲ್ಲಿ ವಿಜ್ಞಾನಿಗಳೇ ವಾಂತಿಯಿಂದ ಮಲಗಿದ್ದರೆ ಈ ಮಂದಿ ಇಸ್ಪೀಟಾಡುತ್ತಿದ್ದರು. ಹಾಳಾದ ಒಳಕಿವಿ ಇರುವವರಿಗೆ ಕಣ್ಣು ಮುಚ್ಚಿ ನಿಲ್ಲುವುದು ನಮಗಿಂತ ಕಷ್ಟ. ಹತೋಟಿ ಕಡಿಮೆ, ವಾಕರಿಕೆಯಂತೂ ಇಲ್ಲವೇ ಇಲ್ಲ! ಒಳಕಿವಿ ಇಲ್ಲದೆ ಈ ಕಾಯಿಲೆ ಹುಟ್ಟುವುದಿಲ್ಲ, ಅದು ಯಾರಿಗೆ ಬಂದೀತು ಎಂಬ ಸುಳಿವು ನಿಲುವಿನಲ್ಲಿದೆ ಎಂದಷ್ಟೇ ಹೇಳುವುದು ಸದ್ಯಕ್ಕೆ ಸರಿ ಎನಿಸುತ್ತದೆ.

ಸುಳಿವಾದರೂ ಉಪಯೋಗಕ್ಕೆ ಬರುವಂಥದ್ದೇ. ಕಾಲು ಅಗಲಿಸಿ ನಿಂತವರಲ್ಲಿ ವಾಕರಿಕೆ ಕಡಿಮೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ನಾವಿಕರು ಹಾಗೆ ನಿಲ್ಲುವುದು ಠೀವಿಗಲ್ಲ. ಕಡಲಂಚು ನೋಡಿ ಎಂಬ ಹಳೆಯ ಸಲಹೆಗೂ ಆಧಾರವಿದೆ. ನೆಲದ ಮೇಲೆ ದೂರಕ್ಕೆ ದೃಷ್ಟಿ ನೆಟ್ಟರೆ ತೂಗಾಟ ಹೆಚ್ಚುತ್ತದೆ, ಹಡಗಿನ ಮೇಲೆ ದಿಗಂತ ನೋಡಿದರೆ ಕಡಿಮೆಯಾಗುತ್ತದೆ.

ಘಾಟಿ ರಸ್ತೆಯವರಿಗೆ ಇನ್ನೂ ಹತ್ತಿರದ ಪಾಠ ಡ್ರೈವರನದು. ಅವನಿಗೆ ವಾಂತಿ ಬರುವುದು ಬಲು ಅಪರೂಪ. ತಿರುವು ಬರುತ್ತಿರುವುದು ಅವನಿಗೆ ಮುಂಚೆಯೇ ಗೊತ್ತು, ತಲೆಯನ್ನು ತಿರುವಿನ ಒಳಮಗ್ಗುಲಿಗೆ ವಾಲಿಸಿರುತ್ತಾನೆ. ಪ್ರಯಾಣಿಕರ ತಲೆ ಹೊರಮಗ್ಗುಲಿಗೆ ಎಸೆದಂತೆ ಹೋಗುತ್ತದೆ. ಜಪಾನಿನ ತಕಹಿರೊ ವಾಡಾ ಮತ್ತು ಜೊತೆಗಾರರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರಿನಲ್ಲಿ ಕೂತವರು ಡ್ರೈವರನಂತೆಯೇ ತಲೆ ಒಳಕ್ಕೆ ವಾಲಿಸಿದಾಗ ಸಂಕಟ ಕಡಿಮೆಯಾಯಿತು. ಇದಕ್ಕೆ ಮುಂದಿನ ರಸ್ತೆ ಕಾಣಬೇಕು. ಹಾಗಾಗಿ ಹಿಂದಿನ ಸೀಟಿನ ಕಿಟಕಿಗಿಂತ ಮುಂದಿನ ಸೀಟು ಮೇಲು.